ತೊಂಡೆಯ ಬಳ್ಳಿಯೂ ರಕ್ತದ ಸಕ್ಕರೆಯೂ

ಬೆಂಗಳೂರಿನ ಉಪ್ಪಾರಪೇಟೆಯಲ್ಲಿ ನಿಂತವನಿಗೆ ಎರಡು ವೈದ್ಯಪದ್ಧತಿಗಳೂ ಕಾಲ್ನಡಿಗೆಯ ದೂರದಲ್ಲಿಯೇ ಸಿಗುತ್ತವೆ. ಧನ್ವಂತರಿ ರಸ್ತೆಯಲ್ಲಿ ಸರ್ಕಾರದ ಆಯುರ್ವೇದ ಆಸ್ಪತ್ರೆಯಿದೆ. ಹಳೆಯ ಪೇಟೆಗಳನ್ನು ದಾಟಿ ದಕ್ಷಿಣಕ್ಕೆ ಹೋದರೆ 1900ರಲ್ಲಿ ಬಾಗಿಲು ತೆರೆದ ವಿಕ್ಟೋರಿಯಾ ಆಸ್ಪತ್ರೆಯಿದೆ. ಇವೆರಡರ ನಡುವಿನ ಬೀದಿಗಳಲ್ಲಿ, ಯಾವ ವೈದ್ಯರ ಚೀಟಿಯನ್ನೂ ಕೇಳದೆ ಮದ್ದು ಕೊಡುವ ಮೂರನೆಯದೊಂದು ಸ್ಥಾನವುಂಟು. ಅದು ಗ್ರಂಥಿಗೆ ಅಂಗಡಿ. ಅಲ್ಲಿ ಹೋಗಿ ಸಕ್ಕರೆ ಕಾಯಿಲೆಗೆ ಏನಾದರೂ ಇದೆಯೇ ಎಂದು ಕೇಳಿದರೆ ನೇರಳೆ ಬೀಜದ ಪುಡಿ, ಮಧುನಾಶಿನಿಯ ಎಲೆ, ಹೊನ್ನೆಯ ಚೆಕ್ಕೆ, ಅಮೃತಬಳ್ಳಿ, ಒಣಗಿಸಿದ ಹಾಗಲಕಾಯಿ, ಮೆಂತ್ಯ ಎಲ್ಲವೂ ಸಾಲಾಗಿ ಹೊರಬರುತ್ತವೆ. ಇವು ನಿಜವಾಗಿಯೂ ರಕ್ತದ ಸಕ್ಕರೆಯನ್ನು ಇಳಿಸುತ್ತವೆಯೆ?

ಈ ಪ್ರಶ್ನೆಗೆ ಎರಡು ಸುಲಭವಾದ ಉತ್ತರಗಳು ಎಲ್ಲೆಡೆಯೂ ದೊರೆಯುತ್ತವೆ. ಋಷಿಗಳು ಹೇಳಿದ ಮೇಲೆ ಪರೀಕ್ಷೆಯೇಕೆ ಎಂಬುದು ಒಂದು. ಇದೆಲ್ಲವೂ ಬರಿಯ ಬೂಟಾಟಿಕೆ ಎಂಬುದು ಇನ್ನೊಂದು. ಎರಡನ್ನು ಹೇಳುವವರೂ ಅಳೆದು ನೋಡುವ ತೊಂದರೆಯನ್ನು ತೆಗೆದುಕೊಂಡವರಲ್ಲ. ಅಳೆದು ನೋಡಿದವರು ಬೇರೆ ಇದ್ದಾರೆ; ಅವರಲ್ಲಿ ಕೆಲವರು ನಮ್ಮ ಬೆಂಗಳೂರಿನವರೇ. ಅವರು ಅಳೆದುದು ಹೇಗೆ, ಕಂಡುಕೊಂಡುದು ಏನು ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ. ವಿಷಯ ಹಗುರವಾದುದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 10 ಕೋಟಿ 10 ಲಕ್ಷ ಮಂದಿಗೆ ಮಧುಮೇಹವಿದೆ. ಅವರಲ್ಲಿ ಒಂದಲ್ಲ ಒಂದು ಸೊಪ್ಪನ್ನೋ ಕಷಾಯವನ್ನೋ ಕುಡಿದು ನೋಡದವರನ್ನು ಹುಡುಕುವುದು ಕಷ್ಟವೇ ಸರಿ.

ಮೊದಲು ಅಳೆಯಬೇಕಾದ ವಸ್ತುವಿನ ಪ್ರಮಾಣವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಆರೋಗ್ಯವಂತನ ರಕ್ತದಲ್ಲಿ ಬೆಳಗಿನ ಬರಿಹೊಟ್ಟೆಯಲ್ಲಿ ನೂರು ಮಿಲಿಲೀಟರಿಗೆ 100 ಮಿಲಿಗ್ರಾಮಿಗಿಂತ ಕಡಮೆ ಗ್ಲೂಕೋಸು ಇರುತ್ತದೆ. ಮೈಯಲ್ಲಿರುವ ರಕ್ತ ಸುಮಾರು 5 ಲೀಟರು ಎಂದಿಟ್ಟುಕೊಂಡರೆ ಅದರಲ್ಲಿರುವ ಒಟ್ಟು ಸಕ್ಕರೆ 5 ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು! ಒಂದು ಲೋಟ ಕಾಫಿಗೆ ನಾವು ಹಾಕಿಕೊಳ್ಳುವ ಸಕ್ಕರೆ ಇದಕ್ಕಿಂತ ಹೆಚ್ಚೇ ಇರುವುದುಂಟು. ಊಟವಾದೊಡನೆ ಇದರ ಹತ್ತಾರು ಪಾಲು ಸಕ್ಕರೆ ಕರುಳಿನಿಂದ ರಕ್ತಕ್ಕೆ ನುಗ್ಗುತ್ತದೆ. ಮೇದೋಜೀರಕಾಂಗವು ಸುರಿಸುವ ಇನ್ಸುಲಿನ್ ಅದನ್ನು ಸ್ನಾಯುಗಳಿಗೂ ಯಕೃತ್ತಿಗೂ ಹಂಚಿ, ಎರಡು ಮೂರು ಗಂಟೆಗಳಲ್ಲಿ ರಕ್ತವನ್ನು ಮತ್ತೆ ಮೊದಲಿನ ಸ್ಥಿತಿಗೆ ತರುತ್ತದೆ. ಬರಿಹೊಟ್ಟೆಯ ಅಂಕಿ 126ನ್ನು ಮುಟ್ಟಿದರೆ, ಮರುಪರೀಕ್ಷೆಯಲ್ಲಿಯೂ ಅದೇ ಕಂಡುಬಂದರೆ, ವೈದ್ಯರು ಅದನ್ನು ಮಧುಮೇಹವೆಂದು ಕರೆಯುತ್ತಾರೆ.

ಈ ಹೆಸರಿನ ಕೆಳಗೆ ಎರಡು ಬೇರೆ ಬೇರೆ ರೋಗಗಳಿವೆ ಎಂಬುದನ್ನು ಮರೆಯಬಾರದು. ಒಂದರಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳೇ ನಾಶವಾಗಿರುತ್ತವೆ. ಇದು ಹೆಚ್ಚಾಗಿ ಮಕ್ಕಳಲ್ಲಿಯೂ ಹರೆಯದವರಲ್ಲಿಯೂ ಮೊದಲಾಗುವ ರೋಗ. ಇನ್ನೊಂದರಲ್ಲಿ ಇನ್ಸುಲಿನ್ ಇದ್ದರೂ ಮೈ ಅದರ ಮಾತನ್ನು ಸರಿಯಾಗಿ ಕೇಳುವುದಿಲ್ಲ. ನಡುವಯಸ್ಸಿನವರಲ್ಲಿ ಸಾಮಾನ್ಯವಾಗಿ ಕಾಣುವುದು ಇದೇ. ಸುಶ್ರುತ ಸಂಹಿತೆಯೂ ಹುಟ್ಟಿನಿಂದ ಬಂದ ಪ್ರಮೇಹವನ್ನು ಅಪಥ್ಯದಿಂದ ಬಂದುದರಿಂದ ಬೇರ್ಪಡಿಸಿ ಹೇಳಿರುವುದು ಗಮನಿಸತಕ್ಕ ವಿಷಯ. ಮೊದಲನೆಯ ಬಗೆಯ ರೋಗಿಗೆ 1922ಕ್ಕೆ ಮುಂಚೆ ಜಗತ್ತಿನ ಯಾವ ವೈದ್ಯದಲ್ಲಿಯೂ ಉಳಿಗಾಲವಿರಲಿಲ್ಲ. ಆ ವರ್ಷದ ಜನವರಿಯಲ್ಲಿ ಟೊರಾಂಟೊ ನಗರದಲ್ಲಿ ಒಬ್ಬ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚಲಾಯಿತು. ಇನ್ಸುಲಿನ್ನಿಗೆ ಬದಲಾಗಿ ನಿಲ್ಲಬಲ್ಲ ಸೊಪ್ಪು, ಚೆಕ್ಕೆ, ಬೀಜ ಈವರೆಗೆ ಯಾವುದೂ ಇಲ್ಲ. ಸೊಪ್ಪನ್ನು ನಂಬಿ ಇಂಥ ಮಗುವಿನ ಚುಚ್ಚುಮದ್ದನ್ನು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಸಂಚಕಾರ ಬರುತ್ತದೆ. ಆದುದರಿಂದ ಮುಂದೆ ಹೇಳುವುದೆಲ್ಲ ಎರಡನೆಯ ಬಗೆಗೆ ಮುಖ್ಯವಾಗಿ ಅನ್ವಯಿಸತಕ್ಕದ್ದು.

ಬಸವನಗುಡಿಯ ಗೃಹಸ್ಥರೊಬ್ಬರು ರಕ್ತಪರೀಕ್ಷೆ ಮಾಡಿಸಿಕೊಂಡು ಬರಿಹೊಟ್ಟೆಯ ಸಕ್ಕರೆ 180 ಎಂದು ತಿಳಿದು ಗಾಬರಿಗೊಂಡರೆಂದು ಇಟ್ಟುಕೊಳ್ಳೋಣ. ಅಂದಿನಿಂದಲೇ ಅವರು ನೇರಳೆ ಬೀಜದ ಪುಡಿಯನ್ನು ಮಜ್ಜಿಗೆಯಲ್ಲಿ ಕದಡಿ ಕುಡಿಯತೊಡಗುತ್ತಾರೆ. ಮೂರು ವಾರಗಳ ತರುವಾಯ ಪರೀಕ್ಷಿಸಿದರೆ ಅಂಕಿ 145. ನೇರಳೆಯ ಮಹಿಮೆಯೆಂದು ಮನೆಯವರೆಲ್ಲ ಒಪ್ಪುತ್ತಾರೆ. ಆದರೆ ಗಾಬರಿಗೊಂಡ ಆ ದಿನದಿಂದಲೇ ಅವರು ಕಾಫಿಗೆ ಸಕ್ಕರೆ ಬಿಟ್ಟಿದ್ದಾರೆ, ಮದುವೆ ಮನೆಯ ಹೋಳಿಗೆಯನ್ನು ಮುಟ್ಟಿಲ್ಲ, ಬೆಳಗ್ಗೆ ಲಾಲ್‌ಬಾಗಿನಲ್ಲಿ ಎರಡು ಸುತ್ತು ನಡೆಯುತ್ತಿದ್ದಾರೆ, ವೈದ್ಯರು ಕೊಟ್ಟ ಗುಳಿಗೆಯನ್ನೂ ನುಂಗುತ್ತಿದ್ದಾರೆ. ಇಳಿದ 35ರಲ್ಲಿ ನೇರಳೆಯ ಪಾಲೆಷ್ಟು? ಹೇಳಲು ದಾರಿಯಿಲ್ಲ. ಇನ್ನೂ ಸೂಕ್ಷ್ಮವಾದ ಮಾತೊಂದಿದೆ. ರಕ್ತದ ಸಕ್ಕರೆ ಯಾರಲ್ಲಿಯೂ ದಿನದಿನಕ್ಕೆ ಒಂದೇ ಸಮನಾಗಿರುವುದಿಲ್ಲ. ನಿದ್ದೆಗೆಟ್ಟರೆ, ಜ್ವರ ಬಂದರೆ, ಮನಸ್ಸು ಕದಡಿದರೆ ಏರುತ್ತದೆ. ಮನುಷ್ಯ ಮದ್ದಿನ ಯೋಚನೆ ಮಾಡುವುದು ಅಂಕಿ ಏರಿದ ದಿನವೇ ಹೊರತು ಇಳಿದ ದಿನವಲ್ಲ. ಏರಿದ ದಿನ ಅಳೆದುದು ಮುಂದಿನ ಸಲ, ಏನನ್ನೂ ಕುಡಿಯದಿದ್ದರೂ, ಅನೇಕ ವೇಳೆ ಸ್ವಲ್ಪ ಕೆಳಗೆ ಬಂದಿರುತ್ತದೆ. ಆ ಇಳಿತದ ಕೀರ್ತಿ ಆಗ ಕೈಯಲ್ಲಿದ್ದ ಲೋಟಕ್ಕೆ ಸಲ್ಲುತ್ತದೆ.

ಹೀಗಿರುವಾಗ ಪ್ರಾಮಾಣಿಕನಾದ ಒಬ್ಬನ ಅನುಭವವೂ ಸಾಕ್ಷಿಯಾಗಲಾರದು. ಇದು ನಾಟಿಮದ್ದಿಗೆ ಮಾತ್ರ ಹಾಕಿದ ಕಟ್ಟಳೆಯಲ್ಲ. ಕಾರ್ಖಾನೆಯ ಗುಳಿಗೆಗೂ ಇದೇ ಕಟ್ಟಳೆ.

ಮಧುನಾಶಿನಿಯ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಸಣ್ಣಗೆರಸೆ ಹಂಬು ಎಂದೂ ನಮ್ಮಲ್ಲಿ ಕರೆಯುವ ಈ ಕಾಡುಬಳ್ಳಿಯ ಎಲೆಯನ್ನು ಅಗಿದು ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡರೆ ಮರಳು ತಿಂದಂತಾಗುತ್ತದೆ, ಸಿಹಿಯೇ ತಿಳಿಯದು. ಎಡ್ಜ್‌ವರ್ತ್ ಎಂಬ ಆಂಗ್ಲ ಅಧಿಕಾರಿ ಎಲೆಯನ್ನು ಅಗಿದ ಮೇಲೆ ತನ್ನ ಚಹಾದ ಸಿಹಿ ಹೋದುದನ್ನು ಕಂಡನೆಂದು 1847ರಲ್ಲಿ ಫಾಲ್ಕನರ್ ಎಂಬ ಸಸ್ಯಶಾಸ್ತ್ರಜ್ಞ ಬರೆದಿಟ್ಟ. ನಲವತ್ತು ವರ್ಷಗಳ ತರುವಾಯ, 1887ರಲ್ಲಿ, ಉದಕಮಂಡಲದಲ್ಲಿ ಸರ್ಕಾರದ ರಸಾಯನಜ್ಞನಾಗಿದ್ದ ಡೇವಿಡ್ ಹೂಪರ್ ಆ ಗುಣಕ್ಕೆ ಕಾರಣವಾದ ವಸ್ತುವನ್ನು ಬೇರ್ಪಡಿಸಿ ಜಿಮ್ನೆಮಿಕ್ ಆಮ್ಲವೆಂದು ಹೆಸರಿಟ್ಟ. ನಾಲಗೆಯ ಸಿಹಿಯನ್ನು ಕೊಲ್ಲುವ ಎಲೆ ರಕ್ತದ ಸಿಹಿಯನ್ನೂ ಕೊಲ್ಲಬೇಕೆಂಬ ಊಹೆ ಸಹಜವಾದುದೇ; ಹೆಸರೇ ಹಾಗೆ ಹೇಳುತ್ತದೆ. ಆದರೆ ನಾಲಗೆಗೂ ರಕ್ತಕ್ಕೂ ನಡುವೆ ದೂರವಿದೆ. ನಾಲಗೆಯ ಮೇಲೆ ಆ ಆಮ್ಲವು ಸಿಹಿಯನ್ನು ಗುರುತಿಸುವ ಗ್ರಾಹಕಗಳಿಗೆ ಅಡ್ಡ ಕೂರುತ್ತದೆ, ಅಷ್ಟೆ. 1926ರಲ್ಲಿ ಒಂದು ವರದಿ ರಕ್ತದ ಸಕ್ಕರೆ ಇಳಿಯುವುದೆಂದು ಹೇಳಿದರೆ, 1928ರಲ್ಲಿ ಕಲ್ಕತ್ತೆಯ ಉಷ್ಣವಲಯ ವೈದ್ಯಶಾಲೆಯಲ್ಲಿ ಚೋಪ್ರಾ ಮತ್ತು ಸಂಗಡಿಗರು ರೋಗಿಗಳಿಗೆ ಕೊಟ್ಟು ನೋಡಿ ಪರಿಣಾಮ ಕಾಣಲಿಲ್ಲವೆಂದರು. 1990ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಸಂಶೋಧಕರು ಎಲೆಯ ಸಾರವನ್ನು ದಿನಕ್ಕೆ 400 ಮಿಲಿಗ್ರಾಮಿನಂತೆ 22 ರೋಗಿಗಳಿಗೆ ಒಂದೂವರೆ ವರ್ಷಕ್ಕೂ ಮೀರಿ ಕೊಟ್ಟರು. ಐವರು ತಮ್ಮ ಗುಳಿಗೆಗಳನ್ನು ಬಿಡಲು ಸಾಧ್ಯವಾಯಿತೆಂಬುದು ಅವರ ವರದಿ. ಆಸೆ ಹುಟ್ಟಿಸುವ ಮಾತು. ಆದರೆ ಹುಸಿಮದ್ದಿನೊಡನೆ ಹೋಲಿಸಿ ನೋಡಿದ ಪ್ರಯೋಗ ಅದಲ್ಲ.

ಹುಸಿಮದ್ದು ಎಂದರೇನು? ನೋಟಕ್ಕೆ, ತೂಕಕ್ಕೆ, ವಾಸನೆಗೆ ಮದ್ದಿನಂತೆಯೇ ಇದ್ದು ಒಳಗೆ ಏನೂ ಇಲ್ಲದ ಗುಳಿಗೆ. ಸಮಾನ ಸ್ಥಿತಿಯ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪಾಗಿಸಿ, ಒಂದಕ್ಕೆ ಮದ್ದು, ಇನ್ನೊಂದಕ್ಕೆ ಹುಸಿಮದ್ದು ಕೊಡಬೇಕು. ಯಾರಿಗೆ ಯಾವುದು ಎಂಬುದು ರೋಗಿಗೂ ತಿಳಿಯಕೂಡದು, ಕೊಡುವ ವೈದ್ಯರಿಗೂ ತಿಳಿಯಕೂಡದು. ಆಗ ನಡಿಗೆ, ಪಥ್ಯ, ಧೈರ್ಯ, ಅಂಕಿಯ ಸಹಜವಾದ ಏರಿಳಿತ ಇವೆಲ್ಲ ಎರಡು ಗುಂಪಿನಲ್ಲಿಯೂ ಸರಿಸಮನಾಗಿ ಹಂಚಿಹೋಗಿ, ಕೊನೆಯಲ್ಲಿ ಉಳಿಯುವ ವ್ಯತ್ಯಾಸ ಮದ್ದಿನದೇ ಆಗಿರುತ್ತದೆ. ಮಧುನಾಶಿನಿಯ ಎಲೆಯನ್ನು ಹಾಗೆಯೇ ಅಗಿಯಲು ಕೊಟ್ಟರೆ ಈ ಗುಟ್ಟು ಮೊದಲ ದಿನದ ಕಾಫಿಗೇ ಬಯಲಾಗುತ್ತದೆ ಎಂಬುದು ಒಂದು ತಮಾಷೆ. ಹಾಗಲಕಾಯಿಯ ರಸಕ್ಕೆ ಹುಸಿಯೊಂದನ್ನು ಕಲ್ಪಿಸುವುದಂತೂ ಇನ್ನೂ ಕಷ್ಟ. ಸಾರವನ್ನು ಕೋಶದಲ್ಲಿ ತುಂಬಿ ನುಂಗಿಸುವುದು ಈ ಕಾರಣದಿಂದಲೇ.

ಹೊನ್ನೆಯ ವಿಷಯಕ್ಕೆ ಬರೋಣ. ಹೊನ್ನೆಯ ಮರದಿಂದ ಕಡೆದ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಗ್ಗೆ ಕುಡಿಯುವ ಪದ್ಧತಿಯನ್ನು ಅನೇಕ ಓದುಗರು ಬಲ್ಲರು. ನೀರು ಕಂದುಬಣ್ಣಕ್ಕೆ ತಿರುಗಿ, ಬೆಳಕಿಗೆ ಹಿಡಿದರೆ ನೀಲಿಯ ಛಾಯೆಯೊಂದು ಹೊಳೆಯುತ್ತದೆ. ಸಂಸ್ಕೃತದಲ್ಲಿ ಬೀಜಕ, ಹಿಂದಿಯಲ್ಲಿ ವಿಜಯಸಾರ ಎಂದು ಹೆಸರಾದ ಈ ಮರದ ಸಾರವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಾಲ್ಕು ಕೇಂದ್ರಗಳಲ್ಲಿ, ಹೊಸದಾಗಿ ರೋಗ ಕಂಡುಬಂದ 97 ಮಂದಿಗೆ ಕೊಟ್ಟು ನೋಡಿ 1998ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ದಿನಕ್ಕೆ 2 ಗ್ರಾಮಿನಿಂದ ಮೊದಲುಮಾಡಿ, ಸಾಲದಿದ್ದರೆ 4 ಗ್ರಾಮಿನವರೆಗೆ ಏರಿಸಿದರು. ಹನ್ನೆರಡು ವಾರಗಳಲ್ಲಿ 67 ಮಂದಿಯ ರಕ್ತದ ಸಕ್ಕರೆ ಹತೋಟಿಗೆ ಬಂದಿತು. ಬರಿಹೊಟ್ಟೆಯ ಸರಾಸರಿ 151 ಇದ್ದುದು 32ರಷ್ಟು ಇಳಿಯಿತು.

ಇಷ್ಟನ್ನೇ ಓದಿ ಲೋಟ ಕೊಳ್ಳಲು ಹೊರಡುವವರು ಅದೇ ವರದಿಯ ಇನ್ನೊಂದು ಸಾಲನ್ನೂ ಓದಬೇಕು. ಸಕ್ಕರೆ ಅಂಟಿದ ಹಿಮೋಗ್ಲೋಬಿನ್ ಎಂಬುದೊಂದು ಅಳತೆ ಇದೆ. ರಕ್ತದ ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಅಷ್ಟು ದಿನವೂ ಅದು ಸಕ್ಕರೆಯಲ್ಲಿಯೇ ಮುಳುಗಿದ್ದು, ಸಕ್ಕರೆ ಹೆಚ್ಚಿದಷ್ಟೂ ಹೆಚ್ಚಾಗಿ ಅದನ್ನು ಅಂಟಿಸಿಕೊಳ್ಳುತ್ತದೆ. ಒಂದು ದಿನದ ಉಪವಾಸದಿಂದ ಈ ಅಳತೆಯನ್ನು ಮೋಸಗೊಳಿಸಲಾಗದು. ಕಳೆದ ಎರಡು ಮೂರು ತಿಂಗಳುಗಳ ಲೆಕ್ಕಪುಸ್ತಕ ಅದು. ಹೊನ್ನೆಯ ಪ್ರಯೋಗದಲ್ಲಿ ಈ ಅಳತೆ ನೂರಕ್ಕೆ 9.8 ಇದ್ದುದು 9.4ಕ್ಕೆ ಇಳಿಯಿತು. ಇಳಿದದ್ದು ನಿಜ, ಆದರೆ 7ರ ಆಸುಪಾಸಿಗೆ ತರಬೇಕೆಂಬ ವೈದ್ಯರ ಗುರಿಗೆ ಅದು ಬಲು ದೂರ. ಹನ್ನೆರಡು ವಾರಗಳ ಅಳತೆಯಲ್ಲಿ ಮೊದಲ ವಾರಗಳ ಹಳೆಯ ಬಾಕಿಯೂ ಸ್ವಲ್ಪ ಸೇರಿರುತ್ತದೆಂಬುದನ್ನು ಒಪ್ಪಿದರೂ ಅಂತರ ತುಂಬುವುದಿಲ್ಲ. ಇದರ ಮೇಲೆ, ಆ ಪ್ರಯೋಗದಲ್ಲಿ ಹುಸಿಮದ್ದಿನ ಗುಂಪು ಇರಲಿಲ್ಲ. ಕೊಟ್ಟದ್ದು ಕೂಡ ತೂಗಿದ ಸಾರವನ್ನೇ ಹೊರತು ಲೋಟದ ನೀರನ್ನಲ್ಲ. ಒಂದೇ ಲೋಟವನ್ನು ತಿಂಗಳುಗಟ್ಟಲೆ ನೆನೆಸಿದರೆ ಅದರಿಂದ ಇಳಿಯುವ ಸಾರ ದಿನೇ ದಿನೇ ಕಡಮೆಯಾಗುವುದನ್ನು ಬಣ್ಣವೇ ಹೇಳುತ್ತದೆ.

ಈಗ ತೊಂಡೆ. ಹಣ್ಣಾದ ತೊಂಡೆಯ ಕೆಂಪನ್ನು ನಮ್ಮ ಕವಿಗಳು ಹೆಣ್ಣಿನ ತುಟಿಗೆ ಹೋಲಿಸಿ ಹೋಲಿಸಿ ದಣಿದಿದ್ದಾರೆ. ತೊಂಡೆಕಾಯಿ ತಿಂದರೆ ಬುದ್ಧಿ ಮಂದವಾಗುವುದೆಂದು ಹೇಳಿ ಓದುವ ಹುಡುಗರಿಗೆ ಅದನ್ನು ಬಡಿಸದ ಮನೆಗಳೂ ಇದ್ದುವು. ಇಂಥ ಸಾಮಾನ್ಯವಾದ ಬೇಲಿಬಳ್ಳಿಯನ್ನು ಮಧುಮೇಹಕ್ಕೆ ಕೊಡುವ ರೂಢಿ ಹಳೆಯದು. 1925ರಲ್ಲಿ ಕಲ್ಕತ್ತೆಯಲ್ಲಿ ಚೋಪ್ರಾ ಮತ್ತು ಬೋಸ್ ಇದನ್ನು ಪರೀಕ್ಷಿಸಿ ಸಕ್ಕರೆ ಇಳಿಯಲಿಲ್ಲವೆಂದು ಬರೆದರು. ಐವತ್ತೈದು ವರ್ಷಗಳ ತರುವಾಯ ಢಾಕಾದ ವೈದ್ಯರು ಎಲೆಯನ್ನು ಒಣಗಿಸಿ ಮಾಡಿದ ಮಾತ್ರೆಯನ್ನು ಹುಸಿಮದ್ದಿನೊಡನೆ ಹೋಲಿಸಿ, ಪ್ರಯೋಜನ ಕಂಡಿತೆಂದು ಬ್ರಿಟನ್ನಿನ ಪ್ರಸಿದ್ಧ ವೈದ್ಯಪತ್ರಿಕೆಗೆ ಬರೆದು ಕಳುಹಿಸಿದರು. ಒಬ್ಬರು ಇಲ್ಲವೆನ್ನುತ್ತಾರೆ, ಒಬ್ಬರು ಉಂಟೆನ್ನುತ್ತಾರೆ. ಹೀಗಾದಾಗ ಯಾರಾದರೂ ಸುಳ್ಳು ಹೇಳಿರಬೇಕೆಂದು ಭಾವಿಸಬೇಕಾಗಿಲ್ಲ. ಹಸಿ ರಸ ಬೇರೆ, ಒಣ ಎಲೆ ಬೇರೆ, ಮದ್ಯಸಾರದಲ್ಲಿ ಇಳಿಸಿದ ಸತ್ವ ಬೇರೆ. ನೀರಿನಲ್ಲಿ ಕರಗದ ವಸ್ತು ಮದ್ಯಸಾರದಲ್ಲಿ ಕರಗಬಹುದು. ರೋಗಿಗಳ ರೋಗವಾದರೂ ಒಂದೇ ಮಟ್ಟದಲ್ಲಿರುವುದಿಲ್ಲ.

ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯಲ್ಲಿ ರೆಬೆಕಾ ಕುರಿಯನ್, ಗಣಪತಿ ಬಂಟ್ವಾಳ, ಅನುರಾ ಕುರ್ಪಾಡ್ ಮೊದಲಾದವರು ನಡೆಸಿ 2008ರಲ್ಲಿ ಪ್ರಕಟಿಸಿದ ಪ್ರಯೋಗ ಈ ಹಿನ್ನೆಲೆಯಲ್ಲಿ ಬೆಲೆಯುಳ್ಳದ್ದು. ಅವರು ಆರಿಸಿಕೊಂಡವರು 35ರಿಂದ 60 ವರ್ಷ ವಯಸ್ಸಿನ 60 ಮಂದಿ. ಎಲ್ಲರಿಗೂ ರೋಗ ಹೊಸದಾಗಿ ಕಂಡುಬಂದಿತ್ತು; ಯಾರಿಗೂ ಇನ್ನೂ ಗುಳಿಗೆಯ ಆವಶ್ಯಕತೆ ಇರಲಿಲ್ಲ, ಆಹಾರ ವ್ಯಾಯಾಮಗಳ ಹತೋಟಿಯೇ ಸಾಕಾಗಿತ್ತು. ಈ ಆಯ್ಕೆಯಲ್ಲಿ ಒಂದು ಧರ್ಮಸೂಕ್ಷ್ಮವಿದೆ. ಗುಳಿಗೆ ಬೇಕೇ ಬೇಕಾದ ರೋಗಿಗೆ ಮೂರು ತಿಂಗಳು ಹುಸಿಮದ್ದು ಕೊಟ್ಟು ಕೂರಿಸುವುದು ಅನ್ಯಾಯ. ಅದಿಲ್ಲದೆಯೇ ನಡೆಯುವ ರೋಗಿಗೆ ಕೊಟ್ಟರೆ ಹಾನಿಯಿಲ್ಲ. ಒಂದು ಗುಂಪಿಗೆ ತೊಂಡೆಯ ಮದ್ಯಸಾರದ ಸತ್ವ ದಿನಕ್ಕೆ 1 ಗ್ರಾಂ, ಇನ್ನೊಂದಕ್ಕೆ ಹುಸಿಮದ್ದು, 90 ದಿನ. ಯಾರಿಗೆ ಯಾವುದೆಂದು ರೋಗಿಗೂ ಪರೀಕ್ಷಕರಿಗೂ ಗೊತ್ತಿಲ್ಲ. ಊಟವೇನು, ನಡಿಗೆಯೆಷ್ಟು ಎಂಬುದನ್ನೂ ಬರೆದಿಟ್ಟುಕೊಂಡು ಎರಡು ಗುಂಪುಗಳು ಆರಂಭದಲ್ಲಿ ಸಮನಾಗಿವೆಯೆಂದು ಖಚಿತಪಡಿಸಿಕೊಂಡರು. ನಮ್ಮ ಬಸವನಗುಡಿಯ ಗೃಹಸ್ಥರ ವಿಷಯದಲ್ಲಿ ಹೇಳಲಾಗದೆ ಹೋದ ಲೆಕ್ಕ ಇಲ್ಲಿ ಹೇಳಲು ಬರುವಂತಾಯಿತು.

ಫಲಿತಾಂಶವೇನು? ತೊಂಡೆಯ ಗುಂಪಿನಲ್ಲಿ ಬರಿಹೊಟ್ಟೆಯ ಸಕ್ಕರೆ ನೂರಕ್ಕೆ 16ರಷ್ಟೂ ಊಟದ ನಂತರದ ಸಕ್ಕರೆ ನೂರಕ್ಕೆ 18ರಷ್ಟೂ ಇಳಿದುವು. ಸಕ್ಕರೆ ಅಂಟಿದ ಹಿಮೋಗ್ಲೋಬಿನ್ನೂ ಹುಸಿಮದ್ದಿನ ಗುಂಪಿಗಿಂತ ಇಳಿಯಿತು. ರಕ್ತದ ಕೊಬ್ಬಿನಲ್ಲಿ ಗಣನೀಯವಾದ ಬದಲಾವಣೆ ಕಾಣಲಿಲ್ಲ. ನೂರಕ್ಕೆ 16 ಎಂದರೆ 140 ಇದ್ದವರು 118ರ ಬಳಿಗೆ ಬಂದಂತೆ. ರೋಗದ ಎಲ್ಲೆಯಲ್ಲಿ ನಿಂತವರಿಗೆ ಇದು ಚಿಲ್ಲರೆ ಲಾಭವಲ್ಲ. 300ರಲ್ಲಿ ನಿಂತವರಿಗೆ ಇದೇ ಪ್ರಮಾಣದ ಇಳಿತ ದೊರೆತರೂ ಅವರು 250ರಲ್ಲಿಯೇ ಇರುತ್ತಾರೆ. ಕಣ್ಣಿನ ಪರದೆಯೂ ಮೂತ್ರಪಿಂಡವೂ ಆ 250ರಿಂದ ಕೆಡುವುದನ್ನು ನಿಲ್ಲಿಸುವುದಿಲ್ಲ.

ಇದನ್ನು ಓದಿ ತೊಂಡೆಕಾಯಿ ಪಲ್ಯವನ್ನು ಎರಡು ಹೊತ್ತೂ ಮಾಡಿಸತೊಡಗುವುದು ಸರಿಯಾದ ತೀರ್ಮಾನವಾಗಲಾರದು. ಪ್ರಯೋಗ ನಡೆದುದು ಸತ್ವದ ಮೇಲೆ, ಪಲ್ಯದ ಮೇಲಲ್ಲ. ಪಲ್ಯ ಒಳ್ಳೆಯದೇ, ಅನ್ನದ ಪಾಲನ್ನು ಅದು ಕಡಮೆ ಮಾಡಿದರೆ ಇನ್ನೂ ಒಳ್ಳೆಯದು. ಆದರೆ ಅದು ಬೇರೆ ಲೆಕ್ಕ. ಮೆಂತ್ಯದ ವಿಷಯದಲ್ಲಿಯೂ ಈ ಪ್ರಮಾಣದ ತೊಡಕು ಉಂಟು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದ ರೋಗಿಗಳ ಆಹಾರದಲ್ಲಿ ಮೆಂತ್ಯದ ಪುಡಿಯನ್ನು ಸೇರಿಸಿ, ಮೂತ್ರದಲ್ಲಿ ಹೋಗುವ ಸಕ್ಕರೆ ನೂರಕ್ಕೆ 54ರಷ್ಟು ಕಡಮೆಯಾಯಿತೆಂದು 1990ರಲ್ಲಿ ತೋರಿಸಿದರು. ಕೊಟ್ಟ ಪುಡಿ ಎಷ್ಟು? ಕೊಬ್ಬು ತೆಗೆದ ಪುಡಿ, ದಿನಕ್ಕೆ 100 ಗ್ರಾಂ! ರಾತ್ರಿ ನೆನೆಸಿ ಬೆಳಗ್ಗೆ ನುಂಗುವ ಒಂದು ಚಮಚ ಮೆಂತ್ಯ ನಾಲ್ಕೈದು ಗ್ರಾಮನ್ನು ಮೀರುವುದಿಲ್ಲ. ಮೆಂತ್ಯದ ನಾರು ಕರುಳಿನಲ್ಲಿ ಲೋಳೆಯಾಗಿ ಸಕ್ಕರೆಯ ಹೀರಿಕೆಯನ್ನು ನಿಧಾನಗೊಳಿಸುತ್ತದೆ. ಇಂಥ ಕೆಲಸಕ್ಕೆ ಮೊತ್ತವೇ ಮುಖ್ಯ.

ಬೆಂಗಳೂರಿನ ಮನೆಗಳ ಕೈತೋಟಗಳಲ್ಲಿ ಈಚೆಗೆ ಇನ್ಸುಲಿನ್ ಗಿಡವೆಂಬುದೊಂದು ಕಾಣಿಸಿಕೊಂಡಿದೆ. ದಿನಕ್ಕೊಂದು ಎಲೆ ಅಗಿದರೆ ಸಾಕೆಂಬ ಪ್ರತೀತಿ. ಇದು ಚರಕ ಸುಶ್ರುತರು ಕಂಡ ಗಿಡವಲ್ಲ. ತವರು ಬ್ರೆಜಿಲ್ ದೇಶ. ಮಂಗಳೂರಿನ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನವರು ಔಷಧ ಕೊಟ್ಟು ರಕ್ತದ ಸಕ್ಕರೆ ಏರಿಸಿದ ಇಲಿಗಳಿಗೆ ಇದರ ಎಲೆಯನ್ನು ತಿನ್ನಿಸಿ, ಸಕ್ಕರೆ ಇಳಿಯಿತೆಂದು 2010ರಲ್ಲಿ ಪ್ರಕಟಿಸಿದರು. ಇಲಿಯಲ್ಲಿ ಕಂಡದ್ದನ್ನು ಮನುಷ್ಯನಿಗೆ ಹೇಗೆ ಅನ್ವಯಿಸಬೇಕು? ಇಂಥ ಪ್ರಯೋಗಗಳಲ್ಲಿ ಇಲಿಯ ಪ್ರತಿ ಕಿಲೋ ತೂಕಕ್ಕೆ 500 ಮಿಲಿಗ್ರಾಂ ಕೊಡುವುದು ಸಾಮಾನ್ಯ. 60 ಕಿಲೋ ತೂಗುವ ಮನುಷ್ಯನಿಗೆ ನೇರವಾಗಿ ಗುಣಿಸಿದರೆ 30 ಗ್ರಾಂ ಆಗುತ್ತದೆ. ಸಣ್ಣ ಪ್ರಾಣಿಯ ದೇಹಕ್ರಿಯೆ ಚುರುಕಾದುದರಿಂದ ಔಷಧಶಾಸ್ತ್ರಜ್ಞರು ದೇಹದ ಮೇಲ್ಮೈಯನ್ನು ಹಿಡಿದು ಲೆಕ್ಕ ಮಾಡುತ್ತಾರೆ. ಹಾಗೆ ಮಾಡಿದರೆ ಸುಮಾರು 5 ಗ್ರಾಂ ಬರುತ್ತದೆ. ಮೇಲಾಗಿ ಇಲಿಯ ಮಧುಮೇಹವು ನಾವು ಒಂದೆರಡು ವಾರಗಳಲ್ಲಿ ಕೃತಕವಾಗಿ ಉಂಟುಮಾಡಿದ್ದು. ಮನುಷ್ಯನದು ಇಪ್ಪತ್ತು ವರ್ಷಗಳ ಅನ್ನ, ಆಲಸ್ಯ, ವಂಶಗುಣಗಳ ಫಲ. ಇಲಿಯ ಪ್ರಯೋಗವು ಬಾಗಿಲನ್ನು ತಟ್ಟಿದಂತೆ. ಒಳಗೆ ಯಾರಿದ್ದಾರೆಂಬುದು ಆಮೇಲಿನ ಮಾತು. ನಮ್ಮ ದೇಶದಲ್ಲಿ ಈ ತಟ್ಟುವಿಕೆ ಬಹಳವಾಗಿ ನಡೆದಿದೆ, ಬಾಗಿಲನ್ನು ತೆರೆದು ನೋಡಿದವರು ಕಡಮೆ.

ನೇರಳೆಯ ವಿಷಯದಲ್ಲಿ ಆ ಕೆಲಸವನ್ನು ಬ್ರೆಜಿಲಿನವರೇ ಮಾಡಿದರು. ಅಲ್ಲಿಯೂ ಈ ಮರ ಬೇರೂರಿದೆ, ಎಲೆಯ ಕಷಾಯವನ್ನು ಸಕ್ಕರೆ ಕಾಯಿಲೆಗೆ ಕುಡಿಯುವ ರೂಢಿಯೂ ಇದೆ. ಪೋರ್ಟೊ ಅಲೆಗ್ರೆ ನಗರದ ಸಂಶೋಧಕರು ಒಂದು ಗುಂಪಿಗೆ ನೇರಳೆ ಎಲೆಯ ಕಷಾಯವನ್ನೂ ಹುಸಿ ಗುಳಿಗೆಯನ್ನೂ, ಇನ್ನೊಂದಕ್ಕೆ ಹುಸಿ ಕಷಾಯವನ್ನೂ ನಿಜವಾದ ಗುಳಿಗೆಯನ್ನೂ ಕೊಟ್ಟರು. 2004ರಲ್ಲಿ ಫಲಿತಾಂಶ ಹೊರಬಂದಿತು: ಗುಳಿಗೆಯ ಗುಂಪಿನಲ್ಲಿ ಸಕ್ಕರೆ ಇಳಿಯಿತು, ಕಷಾಯದ ಗುಂಪಿನಲ್ಲಿ ಇಳಿಯಲಿಲ್ಲ. ನಾವು ಬಳಸುವುದು ಬೀಜವನ್ನು. ಆದುದರಿಂದ ಈ ತೀರ್ಪು ಬೀಜಕ್ಕೆ ತಾನಾಗಿ ತಗಲುವುದಿಲ್ಲ. ಹಾಗಲಕಾಯಿಗೆ ದೊರೆತ ಅಂಕಗಳೂ ಹೆಚ್ಚಿನವಲ್ಲ. 479 ಮಂದಿಯನ್ನೊಳಗೊಂಡ ನಾಲ್ಕು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2012ರ ವಿಮರ್ಶೆಯೊಂದು, ಶಿಫಾರಸು ಮಾಡುವಷ್ಟು ಆಧಾರವಿಲ್ಲವೆಂದು ಹೇಳಿತು.

ಹಾಗಾದರೆ ಗಿಡಗಳಿಂದ ಮಧುಮೇಹಕ್ಕೆ ಏನೂ ದೊರೆತೇ ಇಲ್ಲವೆ? ದೊರೆತಿದೆ, ಅದನ್ನು ಕೋಟಿಗಟ್ಟಲೆ ಜನ ದಿನವೂ ನುಂಗುತ್ತಿದ್ದಾರೆ. ಯೂರೋಪಿನ ಹೊಲಗದ್ದೆಗಳಲ್ಲಿ ಬೆಳೆಯುವ ಗಲೇಗಾ ಎಂಬ ಗಿಡವನ್ನು ಅಲ್ಲಿನ ನಾಟಿವೈದ್ಯರು ಬಳಸುತ್ತಿದ್ದರು. ಕುರಿಗಳು ತಿಂದರೆ ಸಾಯುತ್ತಿದ್ದುವು. ಅದರಲ್ಲಿರುವ ಗ್ವಾನಿಡೀನ್ ಜಾತಿಯ ವಸ್ತು ರಕ್ತದ ಸಕ್ಕರೆಯನ್ನು ಇಳಿಸುವುದು ನಿಜ, ಆದರೆ ವಿಷ. ರಸಾಯನಜ್ಞರು ಅದರ ರಚನೆಯನ್ನು ತಿದ್ದಿ ತಿದ್ದಿ, 1922ರಲ್ಲಿ ಡಬ್ಲಿನ್ನಿನಲ್ಲಿ ಸಂಬಂಧಿ ವಸ್ತುವೊಂದನ್ನು ತಯಾರಿಸಿದರು. ಅದನ್ನು ರೋಗಿಗಳಿಗೆ ಕೊಟ್ಟು 1957ರಲ್ಲಿ ಫಲವನ್ನು ಪ್ರಕಟಿಸಿದವನು ಪ್ಯಾರಿಸಿನ ವೈದ್ಯ ಜಾನ್ ಸ್ಟೆರ್ನ್. ಅದೇ ಮೆಟ್‌ಫಾರ್ಮಿನ್. ಸೇಬಿನ ಮರದ ತೊಗಟೆಯಿಂದ 1835ರಲ್ಲಿ ತೆಗೆದ ಫ್ಲೋರಿಜಿನ್ ಎಂಬ ವಸ್ತುವಿನ ಕಥೆಯೂ ಇಂಥದೇ. ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುವ ಅದರ ಗುಣವನ್ನು ಹಿಡಿದು ರಚಿಸಿದ ಗುಳಿಗೆಗಳು 2012ರಿಂದೀಚೆಗೆ ಮಾರುಕಟ್ಟೆಗೆ ಬಂದುವು. ಈ ಎರಡು ಕಥೆಗಳಲ್ಲಿಯೂ ಗಿಡದಲ್ಲಿದ್ದ ವಸ್ತು ಇದ್ದ ಹಾಗೆಯೇ ಮದ್ದಾಗಲಿಲ್ಲ ಎಂಬುದನ್ನು ಗಮನಿಸಬೇಕು.

ಗಿಡದಿಂದ ಬಂದುದು ನಿರಪಾಯವೆಂಬ ಮಾತಂತೂ ಪೂರ್ತಿಯಾಗಿ ತಪ್ಪು. ತೊಂಡೆ, ಹಾಗಲಗಳ ಬಳಗಕ್ಕೇ ಸೇರಿದ ಸೋರೆಕಾಯಿ ಒಮ್ಮೊಮ್ಮೆ ಕಹಿಯಾಗಿ ಬೆಳೆಯುತ್ತದೆ. ಕಹಿ ಮದ್ದೆಂದು ಭ್ರಮಿಸಿ ಅದರ ಹಸಿ ರಸವನ್ನು ಕುಡಿದವರಿಗೆ ರಕ್ತವಾಂತಿಯಾಗಿ, ಕೆಲವರು ಸತ್ತೂ ಹೋದರು. ಇದನ್ನು ವಿಚಾರಿಸಲು ಸಂಶೋಧನಾ ಮಂಡಳಿ ತಜ್ಞರ ಸಮಿತಿಯೊಂದನ್ನು ನೇಮಿಸಬೇಕಾಯಿತು. 2012ರಲ್ಲಿ ಅದರ ವರದಿ ಪ್ರಕಟವಾಯಿತು. ಕಹಿಗೆ ಕಾರಣ ಕುಕುರ್ಬಿಟಾಸಿನ್ ಎಂಬ ವಿಷ. ಸೋರೆಕಾಯಿಯ ತುದಿಯನ್ನು ಕೊಯ್ದು ರುಚಿ ನೋಡಿ ಕಹಿಯಾದರೆ ಎಸೆಯುತ್ತಿದ್ದ ನಮ್ಮ ಅಜ್ಜಿಯರು ಆ ಹೆಸರನ್ನು ಕೇಳದಿದ್ದರೂ ವಿಷಯವನ್ನು ಬಲ್ಲವರಾಗಿದ್ದರು. ಗಿಡಮೂಲಿಕೆಯೆಂದು ಮಾರುವ ಪುಡಿಗಳಲ್ಲಿ ಕಾರ್ಖಾನೆಯ ಗುಳಿಗೆಯನ್ನೇ ಅರೆದು ಬೆರೆಸಿದ್ದು ಹಾಂಗ್‌ಕಾಂಗ್ ಮೊದಲಾದೆಡೆ ಪತ್ತೆಯಾಗಿದೆ. ಸಕ್ಕರೆ ಇಳಿಯಿತೆಂದು ರೋಗಿ ಹಿಗ್ಗುತ್ತಾನೆ. ಅದೇ ಜಾತಿಯ ಗುಳಿಗೆಯನ್ನು ವೈದ್ಯರೂ ಕೊಟ್ಟಿದ್ದರೆ ಸಕ್ಕರೆ ಮಿತಿಮೀರಿ ಇಳಿದು ಎಚ್ಚರ ತಪ್ಪುತ್ತಾನೆ. ಹೆಸರಿನ ಗೊಂದಲವೂ ಸಣ್ಣದಲ್ಲ. ಕರಾವಳಿಯಲ್ಲಿ ಹೊನ್ನೆ ಎಂದರೆ ಅನೇಕರಿಗೆ ನೆನಪಾಗುವುದು ದೀಪಕ್ಕೆ ಎಣ್ಣೆ ಕೊಡುತ್ತಿದ್ದ ಸುರಹೊನ್ನೆ. ಅದಕ್ಕೂ ವಿಜಯಸಾರಕ್ಕೂ ನಂಟೇ ಇಲ್ಲ. ಚೆಕ್ಕೆಯಾಗಿ ಒಡೆದು ಚೀಲಕ್ಕೆ ತುಂಬಿದ ಮೇಲೆ ಯಾವುದು ಯಾವುದೆಂದು ಅಂಗಡಿಯವರಾದರೂ ಹೇಗೆ ಹೇಳಿಯಾರು?

1954ರಲ್ಲಿ ಬಂದ ಔಷಧ ಮತ್ತು ಮಾಯಾಪರಿಹಾರಗಳ ಕಾಯಿದೆಯ ಪಟ್ಟಿಯಲ್ಲಿ ಮಧುಮೇಹವೂ ಸೇರಿದೆ. ಅದನ್ನು ವಾಸಿಮಾಡುವೆವೆಂದು ಜಾಹೀರಾತು ಕೊಡುವುದು ಅಪರಾಧ. ಗೋಡೆಗಳ ಮೇಲಿನ ಚೀಟಿಗಳನ್ನು ನೋಡಿದವರಿಗೆ ಈ ಕಾಯಿದೆ ಇರುವುದು ನೆನಪಿಗೆ ಬರುವುದು ಕಷ್ಟ.

ತೊಂಡೆಯ ವಿಷಯದಲ್ಲಿ ಇನ್ನೇನು ಆಗಬೇಕಾಗಿದೆ? ಅದಕ್ಕೂ ಲೆಕ್ಕವಿದೆ. ಸಕ್ಕರೆ ಅಂಟಿದ ಹಿಮೋಗ್ಲೋಬಿನ್ನಿನಲ್ಲಿ ನೂರಕ್ಕೆ 0.4ರಷ್ಟು ವ್ಯತ್ಯಾಸವನ್ನು ನಂಬಿಕೆಯಿಂದ ಗುರುತಿಸಬೇಕು, ರೋಗಿರೋಗಿಗೆ ಇರುವ ಹರಹು 1.2ರಷ್ಟು ಎಂದು ಇಟ್ಟುಕೊಂಡರೆ, ಸಂಖ್ಯಾಶಾಸ್ತ್ರದ ಸಾಮಾನ್ಯ ಸೂತ್ರದಂತೆ ಒಂದೊಂದು ಗುಂಪಿಗೂ ಸುಮಾರು 144 ಮಂದಿ ಬೇಕು. ನಡುವೆ ಬಿಟ್ಟುಹೋಗುವವರನ್ನು ಸೇರಿಸಿದರೆ ಒಟ್ಟು ಮುನ್ನೂರೈವತ್ತು. ಮೂರು ತಿಂಗಳು ಸಾಲದು, ಒಂದು ವರ್ಷವಾದರೂ ನಡೆಸಬೇಕು. ಒಂದೇ ತೋಟದ, ಒಂದೇ ತಳಿಯ ಬಳ್ಳಿಯಿಂದ, ಒಂದೇ ಹದದಲ್ಲಿ ತೆಗೆದ ಸತ್ವ ವರ್ಷವಿಡೀ ದೊರೆಯಬೇಕು. ಈ ಖರ್ಚನ್ನು ಹೊರುವವರು ಯಾರು? ಹಿತ್ತಿಲ ಬೇಲಿಯಲ್ಲಿ ಬೆಳೆಯುವ ಬಳ್ಳಿಯ ಮೇಲೆ ಯಾವ ಕಂಪನಿಗೂ ಹಕ್ಕು ದೊರೆಯುವುದು ಸುಲಭವಲ್ಲ. ಹಕ್ಕಿಲ್ಲದ ಕಡೆ ಹಣವೂ ಹರಿಯುವುದಿಲ್ಲ. ನೇರಳೆ, ಹಾಗಲ, ಮಧುನಾಶಿನಿ, ಬದನೆಗಳ ಮಿಶ್ರಣ ಸಕ್ಕರೆ ಇಳಿಸುವುದೆಂದು 1999ರಲ್ಲಿ ಅಮೆರಿಕದಲ್ಲಿ ಪೇಟೆಂಟು ಪಡೆದವರಿದ್ದರು. ನಮ್ಮ ಅಡುಗೆಮನೆಯನ್ನೇ ಕದ್ದರೆಂದು ಇಲ್ಲಿ ಕೂಗೆದ್ದಿತು. ಕೂಗಿದ್ದು ನ್ಯಾಯವೇ. ಆದರೆ ಆ ನಾಲ್ಕರಲ್ಲಿ ಯಾವುದು ಎಷ್ಟು ಇಳಿಸುತ್ತದೆಂಬುದನ್ನು ಮುನ್ನೂರೈವತ್ತು ಮಂದಿಯ ಮೇಲೆ ಅಳೆಯುವ ಕೆಲಸಕ್ಕೆ ಆ ಕೂಗಿನ ಅರ್ಧದಷ್ಟು ಉತ್ಸಾಹವೂ ಕಾಣಲಿಲ್ಲ. ಹೊನ್ನೆಗೆ ಸಂಶೋಧನಾ ಮಂಡಳಿ ಮಾಡಿದಂತೆ ಸಾರ್ವಜನಿಕ ಹಣದಿಂದಲೇ ಅದು ನಡೆಯಬೇಕು. ಬೇಕಾದ ರೋಗಿಗಳು, ವೈದ್ಯರು, ಪ್ರಯೋಗಶಾಲೆಗಳು, ತೊಂಡೆಯ ಬಳ್ಳಿ ಎಲ್ಲವೂ ಈ ಒಂದೇ ಊರಿನಲ್ಲಿ ಇವೆ.